ಪಾರ್ವತಮ್ಮನ ಅರ್ಕಾವತ್ತು

ಅಗ್ರಹಾರದ ಸದಾಶಿವಯ್ಯನವರ ಪ್ರೆಸ್ಸಿನಲ್ಲಿ ಪಾರ್ವತಮ್ಮ ಇಪ್ಪತ್ತೆರಡು ವರ್ಷದಿಂದ ಅಚ್ಚಿನ ಮೊಳೆ ಜೋಡಿಸುತ್ತಿದ್ದಳು. ಹಿನಕಲ್‌ನಿಂದ ಬೆಳಗಿನ ಬಸ್ಸು ಹಿಡಿದು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳೆಂದರೆ ಮುಗಿಯಿತು. ಯಾವ ಅಕ್ಷರ ಯಾವ ಗೂಡಿನಲ್ಲಿದೆ ಎಂದು ನೋಡುವ ಪ್ರಶ್ನೆಯೇ ಇರಲಿಲ್ಲ, ಬೆರಳುಗಳೇ ಹುಡುಕಿಕೊಂಡು ಹೋಗುತ್ತಿದ್ದವು. ತಲೆಕೆಳಗಾದ ಸಾಲುಗಳನ್ನು ನಾವು ನೀವು ಪೇಪರು ಓದಿದಷ್ಟೇ ಸಲೀಸಾಗಿ ಓದುತ್ತಿದ್ದಳು. ಮೈಸೂರಿನ ಅರ್ಧ ಜನರ ಮದುವೆ ಈಯಮ್ಮನ ಕೈಯಲ್ಲೇ ಆಗಿರುವುದು ಎಂದು ಸದಾಶಿವಯ್ಯನವರು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಲಗ್ನಪತ್ರಿಕೆಗಳ ವಿಷಯ ಅದು.

ಅಂಥವಳ ಕೆಲಸಕ್ಕೇ ಕುತ್ತು ಬಂದದ್ದು ತೊಂಬತ್ತೆಂಟರ ಸಂಕ್ರಾಂತಿ ಕಳೆದ ಮೇಲೆ. ಪ್ರೆಸ್ಸಿಗೆ ಕಂಪ್ಯೂಟರು ಬಂತು. ಅದಕ್ಕೆ ಕುಂಕುಮ ಹಚ್ಚಿ, ಹೂವು ಮುಡಿಸಿ, ಕಾಯಿ ಒಡೆದದ್ದಾಯಿತು. ಜೊತೆಗೆ ಚಾಮರಾಜಪುರಂನ ವಿಶ್ವನಾಥ್ ಎಂಬ ಆಪರೇಟರು ಬಂದ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು, ಕೈ ಬಲು ಚುರುಕು. ಪ್ರಸಾದ ಹಂಚಿದ ಮೇಲೆ ಸದಾಶಿವಯ್ಯನವರು ಪಾರ್ವತಮ್ಮನನ್ನು ಒಳಗೆ ಕರೆದರು.

"ಯುಗಾದಿ ಹೊತ್ಗೆ ಮೊಳೆನೆಲ್ಲ ಕರಗ್ಸೋಕೆ ಕೊಟ್ಬುಡ್ತೀನಿ ಕಣಮ್ಮ. ಅಷ್ಟ್ರೊಳಗೆ ನೀವು ಇದನ್ನ ಕಲಿತ್ರೆ ಸರಿ. ಇಲ್ದಿದ್ರೆ ನಾನಾದ್ರೂ ಏನ್ಮಾಡ್ಲಿ?"

ಹೇಳುವಾಗ ಅವರು ಅವಳ ಮುಖ ನೋಡಲಿಲ್ಲ. ಪಾರ್ವತಮ್ಮ ತನ್ನ ಕೈಗಳನ್ನೇ ನೋಡಿಕೊಂಡಳು. ಗಂಡ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದದ್ದೇ ಈ ಹತ್ತು ಬೆರಳುಗಳಿಂದ. ನಲವತ್ತೈದು ದಾಟಿದವಳಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ?

ಮಾರನೆಯ ದಿನ ಊಟದ ಬಿಡುವಿನಲ್ಲಿ ಕಂಪ್ಯೂಟರಿನ ಮುಂದೆ ಕೂತಳು. "ಮೊದ್ಲು ನಿಮ್ಮ ಹೆಸ್ರೇ ಹೊಡೀರಿ," ಎಂದ ವಿಶ್ವನಾಥ್. ಅವಳು ಒಂದೊಂದೇ ಗುಂಡಿ ಹುಡುಕಿ ಒತ್ತಿದಳು. ಪರದೆಯ ಮೇಲೆ ಮೂಡಿದ್ದು: ಪಾವ್ರತಮ್ಮ.

"ಪಾವ್ರತಮ್ಮೋರಿಗೆ ನಮಸ್ಕಾರ," ಎಂದು ಅವನು ಕೈಮುಗಿದ.

ಅಳಿಸಿ ಮತ್ತೆ ಹೊಡೆದಳು. ಮತ್ತೆ ಪಾವ್ರತಮ್ಮ. ಪಾಪ, ಅವಳ ತಪ್ಪೂ ಅಲ್ಲ, ಅರ್ಕಾವತ್ತಿನ ಕಿತಾಪತಿ ಅದು. ಮೊಳೆ ಜೋಡಿಸುವವರು ಕಣ್ಣಿಗೆ ಕಂಡ ಕ್ರಮದಲ್ಲಿ ಜೋಡಿಸುತ್ತಾರೆ. 'ರ್ವ' ಎಂಬಲ್ಲಿ ಮೊದಲು ಕಾಣುವುದು ವ, ಅದರ ಬೆನ್ನಿಗೆ ಅರ್ಕಾವತ್ತಿನ ಕೊಕ್ಕೆ. ಇಪ್ಪತ್ತೆರಡು ವರ್ಷ ಹಾಗೆಯೇ ಎತ್ತಿದ ಕೈ. ಕಂಪ್ಯೂಟರಿಗೋ, ಮೊದಲು ರ ಒತ್ತಬೇಕು, ಆಮೇಲೆ ವ. ಹೀಗಾಗಿ ಅವಳ ಕೈಯಲ್ಲಿ ಧರ್ಮ ಧಮ್ರವಾಯಿತು, ಸೂರ್ಯ ಸೂಯ್ರನಾದ. ಒಂದು ತಿಂಗಳು ಇದೇ ಗೋಳು. ವಿಶ್ವನಾಥ್ ಅವಳನ್ನು ಪಾವ್ರತಮ್ಮೋರೆ ಎಂದೇ ಕರೆಯತೊಡಗಿದ.

ಒಂದು ಸಂಜೆ ಬಸ್ಸಿನಲ್ಲಿ ಕಂಡಕ್ಟರು "ಸರ್ಕಲ್, ಸರ್ಕಲ್ ಇಳ್ಕೊಳ್ರಿ" ಎಂದು ಕೂಗಿದ. ಪಾರ್ವತಮ್ಮನ ಕಿವಿ ನೆಟ್ಟಗಾಯಿತು. ಬರೆದರೆ ಕ ಮೊದಲು, ಕೂಗಿದರೆ ರ ಮೊದಲು. ಅಯ್ಯೋ ಶಿವನೇ, ಇಷ್ಟೇನಾ ಎಂದುಕೊಂಡಳು. ಹಿನಕಲ್ ಬರುವವರೆಗೂ ಮಾರ್ಕೆಟ್, ಸರ್ಕಾರ, ಕರ್ನಾಟಕ ಎಂದು ಗುನುಗಿಕೊಂಡೇ ಕೂತಳು. ಪಕ್ಕದವಳು ಸ್ವಲ್ಪ ಅತ್ತ ಸರಿದಳು.

ಮಾರನೆಯ ದಿನದಿಂದ ಪ್ರತಿ ಪದವನ್ನೂ ಬಾಯಿಬಿಟ್ಟು ಹೇಳಿಕೊಂಡೇ ಒತ್ತಿದಳು. ಅರ್ಕಾವತ್ತು ತೆಪ್ಪಗೆ ಜಾಗಕ್ಕೆ ಬಂದು ಕೂತಿತು. ಆದರೆ ಹಿನಕಲ್‌ನ ಬಾಯಲ್ಲಿ ಹ-ಕಾರ ನಿಲ್ಲಬೇಕಲ್ಲ. ಲಗ್ನಪತ್ರಿಕೆಯ 'ಗುರುಹಿರಿಯರು' 'ಗುರುಇರಿಯರು' ಆಗಿ ಹೊರಬಂತು.

"ಮದ್ವೆ ಮನೇಲಿ ಯಾರನ್ನ ಇರೀಬೇಕು ಪಾವ್ರತಮ್ಮೋರೆ?" ಎಂದ ವಿಶ್ವನಾಥ್. ಅವಳಿಗೂ ನಗು ತಡೆಯಲಾಗಲಿಲ್ಲ. ಅಂದಿನಿಂದ ಅರ್ಕಾವತ್ತಿಗೆ ಬಾಯಿ, ಹ-ಕಾರಕ್ಕೆ ಕಣ್ಣು ಎಂದು ಕೆಲಸ ಹಂಚಿಕೊಟ್ಟಳು.

ಯುಗಾದಿಗೆ ಹತ್ತು ದಿನ ಇತ್ತು. ಮಠದ ಸ್ತೋತ್ರಗಳ ಪುಸ್ತಕವನ್ನು ವಿಶ್ವನಾಥ್ ಟೈಪ್ ಮಾಡಿಕೊಟ್ಟಿದ್ದ. ಅದರ ಪ್ರೂಫು ಹಿಡಿದು ಮಠದ ಪಂಡಿತರಾದ ರುದ್ರಸ್ವಾಮಿಗಳು ಖುದ್ದಾಗಿ ಬಂದರು. ಅರವತ್ತನಾಲ್ಕು ಪುಟವೂ ಕೆಂಪು ಶಾಯಿಯಿಂದ ತುಂಬಿಹೋಗಿತ್ತು.

"ಶನಿವಾರ ಸರಿಯಾಗಿ ಕೊಟ್ರೆ ಆಯ್ತು ಸದಾಶಿವಯ್ಯ. ಇಲ್ಲಾಂದ್ರೆ ಮಠದ ಕೆಲ್ಸ ಇನ್ಮೇಲೆ ಬೇರೆ ಕಡೆ," ಎಂದು ಹೊರಟುಹೋದರು.

ನಲವತ್ತು ವರ್ಷದಿಂದ ಪ್ರೆಸ್ಸು ನಿಂತದ್ದೇ ಮಠದ ಕೆಲಸದ ಮೇಲೆ. ಸದಾಶಿವಯ್ಯನವರು ತಲೆಯ ಮೇಲೆ ಕೈಹೊತ್ತು ಕೂತರು. "ಈ ಸಂಸ್ಕೃತದ ಒತ್ತು ನನ್ನ ಕೈಲಾಗಲ್ಲ ಸಾರ್. ನೋಡ್ಕೊಂಡು ಹೊಡ್ದೆ, ಏನಿದೆ ಅಂತ್ಲೇ ಗೊತ್ತಾಗ್ಲಿಲ್ಲ," ಎಂದು ವಿಶ್ವನಾಥ್ ಪ್ರಾಮಾಣಿಕವಾಗಿ ಒಪ್ಪಿಕೊಂಡ.

"ನಾನು ಒಡೀತೀನಿ ಯಜಮಾನ್ರೆ," ಎಂದಳು ಪಾರ್ವತಮ್ಮ.

"ಒಡೀಬೇಡಿ ಕಣಮ್ಮ, ಇರೋದೊಂದೇ ಕಂಪ್ಯೂಟರು," ಎಂದರು ಅವರು, ಆ ಸಂಕಟದಲ್ಲೂ.

ಇದ್ದದ್ದು ನಾಲ್ಕು ದಿನ. ಆ ಸ್ತೋತ್ರಗಳೆಲ್ಲ ಅವಳಿಗೆ ಜೋಡಿಸಿ ಜೋಡಿಸಿ ಬಾಯಿಪಾಠವಾಗಿದ್ದವು. ಎರಡನೆಯ ದಿನ ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ, ಕೀಬೋರ್ಡನ್ನು ಹಳೆಯ ಮೊಳೆಪೆಟ್ಟಿಗೆಯ ಮೇಲೇರಿಸಿ, ಸೆರಗು ಸಿಕ್ಕಿಸಿ ನಿಂತೇ ಹೊಡೆಯತೊಡಗಿದಳು. ನಿಂತ ಮೇಲೆ ಬೆರಳುಗಳಿಗೆ ಹಳೆಯ ಜೀವ ಬಂತು. ಊರ್ಧ್ವ, ಮೂರ್ಧ್ನಿ, ಜ್ಯೋತ್ಸ್ನಾ ಎಲ್ಲವೂ ಬಾಯಿಂದ ಹೊರಟು ನೇರ ಪರದೆಯ ಮೇಲೆ ಹೋಗಿ ಇಳಿದವು. ಅಗ್ರಹಾರದ ದಾರಿಹೋಕರು ಪ್ರೆಸ್ಸಿನಲ್ಲಿ ಯಾವ ಪೂಜೆ ಎಂದು ಇಣುಕಿ ನೋಡಿದರು.

ಶನಿವಾರ ರುದ್ರಸ್ವಾಮಿಗಳು ಕೆಂಪು ಪೆನ್ನಿನ ಮುಚ್ಚಳ ತೆಗೆದುಕೊಂಡೇ ಕೂತರು. ನಲವತ್ತು ಪುಟ ದಾಟಿದರೂ ಪೆನ್ನಿಗೆ ಕೆಲಸ ಸಿಗಲಿಲ್ಲ. ನಲವತ್ತೊಂದರಲ್ಲಿ ಒಂದು ಸುತ್ತು ಹಾಕಿದರು. "ಇದು ತಪ್ಪು."

ಪಾರ್ವತಮ್ಮ ಅವರ ಹಸ್ತಪ್ರತಿಯ ಆ ಹಾಳೆಯನ್ನೇ ತಂದು ಮುಂದಿಟ್ಟಳು. "ನೀವು ಬರ್ದಿರೋದೇ ಇಂಗೆ ಸ್ವಾಮಿ. ಕೇಳ್ದೆ ತಿದ್ದಬಾರ್ದು ಅಂತ ಪೆನ್ಸಿಲ್ನಾಗೆ ಗುರ್ತು ಮಾಡಿವ್ನಿ, ನೋಡಿ."

ಅವರು ಕನ್ನಡಕದ ಮೇಲಿನಿಂದ ಹಾಳೆಯನ್ನು ನೋಡಿದರು, ಅವಳನ್ನು ನೋಡಿದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದರು. "ಕೊನೇ ಪುಟದಲ್ಲಿ ಈಯಮ್ಮನ ಹೆಸ್ರು ಹಾಕಿ ಸದಾಶಿವಯ್ಯ," ಎಂದರು.

ಸದಾಶಿವಯ್ಯನವರು ಈ ಸಲ ಅವಳ ಮುಖ ನೋಡಿಯೇ ಮಾತಾಡಿದರು. "ಯುಗಾದಿ ಆದ್ಮೇಲೆ ಕಂಪೋಸಿಂಗ್ ಪೂರ್ತಿ ನಿಮ್ದೇ ಕಣಮ್ಮ. ವಿಶ್ವನಾಥ್‌ಗೂ ಒತ್ತಕ್ಷರ ನೀವೇ ಕಲಿಸ್ಬೇಕು. ಹೆಸರೂ ನೀವೇ ಹೊಡೀರಿ."

ಎಲ್ಲರೂ ಸುತ್ತ ಬಂದು ನಿಂತರು. ಊರಿನವರ ಹೆಸರನ್ನೆಲ್ಲ ಜೋಡಿಸಿದವಳ ಹೆಸರು ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸಲವೂ ಅಚ್ಚಾಗಿರಲಿಲ್ಲ. ಮೊದಲು 'ಅಕ್ಷರ ಜೋಡಣೆ' ಎಂದು ಹೊಡೆದಳು. ಕಣ್ಣು ತುಂಬಿ ಪರದೆ ಮಂಜಾಗಿತ್ತು, ಆದರೆ ಈ ಕೆಲಸಕ್ಕೆ ಕಣ್ಣು ಬೇಕಿರಲಿಲ್ಲ. ಗಂಟಲು ಸರಿಮಾಡಿಕೊಂಡು, ಇಡೀ ಪ್ರೆಸ್ಸಿಗೆ ಕೇಳುವಂತೆ ತನ್ನ ಹೆಸರನ್ನು ತಾನೇ ಹೇಳಿಕೊಂಡು ಒತ್ತಿದಳು.

"ಪಾರ್ವತಮ್ಮ," ಎಂದು ಗಟ್ಟಿಯಾಗಿ ಓದಿದವನು ವಿಶ್ವನಾಥ್.