ತಿಮಿಂಗಿಲ ನೋಡಲು ಹೋದವರು

“ಬಿಗಿಯಾಯ್ತೇನಮ್ಮಾ?” ಎನ್ನುತ್ತ ಯುದೆರ್ಕಾ ತಾಯಿಯ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಸರಿಮಾಡಿದಳು.

“ಇಲ್ಲ ಮಗಳೇ, ಹದವಾಗಿದೆ,” ಎಂದಳು ಮುದುಕಿ ಓಬ್ದುಲಿಯಾ. ಈಗಷ್ಟೇ ದೊಡ್ಡ ಮಗಳು ನೆರೇಯ್ದಾ ಅದೇ ಪಟ್ಟಿ ಕಟ್ಟಲು ಹೋದಾಗ “ಉಸಿರು ಕಟ್ಟಿಸಿ ಕೊಲ್ತೀಯೇನೇ?” ಎಂದು ಕೈ ಕೊಡವಿದ್ದಳು.

ನೆರೇಯ್ದಾ ದೋಣಿಯ ಎಡಬದಿಗೆ ಹೋಗಿ ಕೂತಳು. ಸಮಾನಾ ಊರಿನ ಆ ದೋಣಿ ಧಕ್ಕೆಯಲ್ಲಿ ಅವಳು ತೆಂಗಿನಕಾಯಿ ಬ್ರೆಡ್ ಮಾರಲು ಶುರುಮಾಡಿ ಎಷ್ಟೋ ಕಾಲವಾಗಿತ್ತು. ಚಳಿಗಾಲ ಬಂತೆಂದರೆ ತಿಮಿಂಗಿಲಗಳು ಮರಿ ಹಾಕಲು ಕೊಲ್ಲಿಗೆ ಬರುತ್ತವೆ, ಅವನ್ನು ನೋಡಲು ಲೋಕವೆಲ್ಲ ಬರುತ್ತದೆ. ಬಂದವರ ಕೈಗೆ ಬ್ರೆಡ್ ಕೊಟ್ಟು ಕಳಿಸಿದ್ದಳೇ ಹೊರತು ತಾನು ಒಮ್ಮೆಯೂ ದೋಣಿ ಹತ್ತಿದವಳಲ್ಲ. ದೋಣಿ ನಡೆಸುವ ಕೀಕೋ ಅದನ್ನೇ ಆಡಿಕೊಂಡ: “ನಾನು ಪುಕ್ಕಟೆ ಕರೆದ್ರೂ ಬರ್ಲಿಲ್ಲ ಮಹಾರಾಣಿ. ತಂಗಿ ಮ್ಯಾಡ್ರಿಡ್‌ನಿಂದ ಬಂದು ಕರೀಬೇಕಾಯ್ತು ನೋಡು!”

ದೋಣಿಯಲ್ಲಿದ್ದವರೆಲ್ಲ ನಕ್ಕರು. ತಾಯಿ ಎಲ್ಲರಿಗಿಂತ ಜೋರಾಗಿ ನಕ್ಕಳು.

ಯುದೆರ್ಕಾ ಹನ್ನೊಂದು ವರ್ಷದ ಮೇಲೆ ಬಂದಿದ್ದಳು, ಅದೂ ಪ್ರವಾಸಿಯಾಗಿ. ಮನೆಯಲ್ಲಿ ಸೊಳ್ಳೆ ಎಂದು ಗುಡ್ಡದ ಮೇಲಿನ ಹೋಟೆಲಿನಲ್ಲಿ ಇಳಿದಿದ್ದಳು. ಅಲ್ಲಿಯವರು ತೊಡಿಸಿದ ಹಳದಿ ಪ್ಲಾಸ್ಟಿಕ್ ಪಟ್ಟಿ ಅವಳ ಮಣಿಕಟ್ಟಿನಲ್ಲಿತ್ತು. ತಾನು ಹುಟ್ಟಿದ ಮನೆಯ ತಗಡಿನ ಮಾಡು, ಹಿತ್ತಲ ಬಾಳೆ, ಒಲೆಯ ಮೇಲಿನ ಕರಿ ಪಾತ್ರೆ, ಎಲ್ಲದರ ಫೋಟೊ ತೆಗೆದುಕೊಂಡಳು. ತಾಯಿಗೋ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮಗಳು ತಂದ ಚಪ್ಪಲಿ ಹಾಕಿಕೊಂಡು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆದು ತೋರಿಸಿದಳು. ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚುವವಳ, ಬೆನ್ನು ಉಜ್ಜುವವಳ, ತಲೆ ಬಾಚುವವಳ ಬಗ್ಗೆ ಯಾರೂ ಕೇಳಲಿಲ್ಲ, ನೆರೇಯ್ದಾಳೂ ಹೇಳಲಿಲ್ಲ.

ಈಗ ದೋಣಿ ಕೊಲ್ಲಿಯ ಬಾಯಿ ದಾಟುತ್ತಿದ್ದಂತೆ ನೆರೇಯ್ದಾ ಕುತ್ತಿಗೆಯ ಪದಕ ಹಿಡಿದುಕೊಂಡು ದೇವಮಾತೆಗೆ ಮೊರೆಯಿಟ್ಟಳು: ‘ತಾಯೇ, ಇವತ್ತು ಒಂದು ತಿಮಿಂಗಿಲವೂ ಮೇಲೆ ಬರದಿರಲಿ.’

ಮೊರೆ ಮುಟ್ಟಿತೋ ಏನೋ. ಕೀಕೋ ಎಂಜಿನ್ ನಿಲ್ಲಿಸಿ ಕಾದ, ಮುಂದೆ ಹೋಗಿ ಮತ್ತೆ ಕಾದ. ಬಿಸಿಲೇರಿತು. ಅಲೆಯ ಹೊಯ್ದಾಟಕ್ಕೆ ತಾಯಿಗೆ ಹೊಟ್ಟೆ ತೊಳೆಸಿತು. ಯುದೆರ್ಕಾಳ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿ ನರಳತೊಡಗಿದಳು.

“ಅಮ್ಮಾ, ಇನ್ನೊಂದು ಸ್ವಲ್ಪ ತಡ್ಕೋ. ಬಂದೇ ಬರುತ್ತೆ,” ಎನ್ನುತ್ತಿದ್ದ ಯುದೆರ್ಕಾಳ ದನಿ ಅಳುವಿಗೆ ಹತ್ತಿರವಾಗಿತ್ತು.

ಅಷ್ಟರಲ್ಲಿ ಯಾರೋ “ಅಗೋ, ಅಲ್ಲಿ!” ಎಂದು ಕೂಗಿದರು. ಎಲ್ಲರೂ ಬಲಬದಿಗೆ ನುಗ್ಗಿದರು. ಅದು ಬರೀ ಅಲೆಯ ನೊರೆ. ನೆರೇಯ್ದಾ ಮಾತ್ರ ಏಳಲಿಲ್ಲ. ಅವಳೆದುರು, ಹುಟ್ಟು ಚಾಚಿದರೆ ತಾಗುವಷ್ಟು ಹತ್ತಿರ, ನೀರು ಸದ್ದಿಲ್ಲದೆ ಉಬ್ಬಿತು. ಕಪ್ಪು ಬೆನ್ನೊಂದು ಮೇಲೆ ಬಂತು. ಅದರ ಮೇಲೆ ಒರಗಿಕೊಂಡಂತೆ ಇನ್ನೊಂದು, ಚಿಕ್ಕದು, ಬೂದಿ ಬಣ್ಣದ್ದು. ತಾಯಿಯ ಬೆನ್ನಿನ ಮೇಲೆ ಮರಿ ಒಂದು ಗಳಿಗೆ ಸುಮ್ಮನೆ ಮಲಗಿತ್ತು. ಬಿಸಿಯುಸಿರೊಂದು ನೆರೇಯ್ದಾಳ ಮುಖಕ್ಕೆ ತಾಗಿತು, ಹಸಿ ಮೀನಿನ ವಾಸನೆ ಬಂತು.

ಕೂಗಲು ಬಾಯಿ ತೆರೆದಳು. ತಂಗಿಯ ತೊಡೆಯ ಮೇಲಿದ್ದ ತಾಯಿಯ ತಲೆ ಕಂಡಿತು. ಬಾಯಿ ಮುಚ್ಚಿಕೊಂಡಳು. ಎರಡೂ ಬೆನ್ನುಗಳು ಮೆಲ್ಲಗೆ ಮುಳುಗಿದವು. ಎಲ್ಲರೂ ಈ ಕಡೆ ತಿರುಗಿದಾಗ ನೀರು ಎಣ್ಣೆಯಂತೆ ನುಣ್ಣಗಿತ್ತು.

“ಸಮುದ್ರ ನಮ್ಮಪ್ಪನ ಮನೇದಲ್ಲವಲ್ಲ ತಾಯಿ,” ಎಂದು ಕೀಕೋ ದೋಣಿ ತಿರುಗಿಸಿದ. ಯುದೆರ್ಕಾ ಹಿಂತಿರುಗುವ ದಾರಿಯುದ್ದಕ್ಕೂ ಮುಖ ಬಾಡಿಸಿಕೊಂಡು ತಾಯಿಯ ಬೆನ್ನು ಸವರುತ್ತಿದ್ದಳು. ಅವಳ ಆ ಮುಖ ನೋಡಿದರೆ ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡಿದ್ದಳು ನೆರೇಯ್ದಾ. ಆಗಲಿಲ್ಲ.

ಸಂಜೆ ಜಗುಲಿಯಲ್ಲಿ ನೆರೆಮನೆಯ ಫೆಲಿಪಾ ಬಂದು ಕುಕ್ಕರಿಸಿದಳು. “ಏನಮ್ಮಾ, ಕಂಡ್ತಾ? ನೀರು ನೋಡಿ ಬರೋದಕ್ಕಾ ಅಷ್ಟು ಸಿಂಗಾರ?”

“ಕಾಣದೆ ಏನು? ನನ್ನ ಮಗಳು ಕರ್ಕೊಂಡು ಹೋದ್ಮೇಲೆ!” ಎಂದಳು ತಾಯಿ ಗದ್ದವೆತ್ತಿ. ಯುದೆರ್ಕಾ ತಲೆ ತಗ್ಗಿಸಿದಳು.

“ಹೇಗಿತ್ತು ಹೇಳು ಮತ್ತೆ?”

“ಹೇಗಿತ್ತು ಅಂದ್ರೆ... ದೊಡ್ಡದು. ಬಹಳ ದೊಡ್ಡದು.” ಮುದುಕಿ ಅಲ್ಲಿಗೇ ತಡವರಿಸಿದಳು. ಫೆಲಿಪಾಳ ತುಟಿಯಂಚಿನಲ್ಲಿ ನಗು ಹರಡತೊಡಗಿತು.

“ಎರಡಿದ್ವು,” ಎಂದಳು ನೆರೇಯ್ದಾ.

ಎಲ್ಲರೂ ಅವಳತ್ತ ತಿರುಗಿದರು. ಅವಳು ಕೈಯಲ್ಲಿದ್ದ ಬಟಾಣಿಯ ತಟ್ಟೆ ಕೆಳಗಿಟ್ಟಳು. “ತಾಯಿ, ಮರಿ. ಮರಿಗೆ ಈಜಿ ಈಜಿ ಸಾಕಾಗಿತ್ತು ಅನ್ಸುತ್ತೆ. ಅಮ್ಮನ ಬೆನ್ನ ಮೇಲೆ ಹತ್ತಿ ಮಲ್ಕೊಂಡ್ಬಿಡ್ತು. ಅವಳು ಅಲ್ಲಾಡ್ಲೇ ಇಲ್ಲ. ಉಸಿರು ಬಿಟ್ಲು ನೋಡು, ನನ್ನ ಮುಖಕ್ಕೇ ಬಡೀತು, ಬಿಸೀ...” ಹೇಳುತ್ತ ಹೇಳುತ್ತ ಅವಳು ಕೆನ್ನೆ ಮುಟ್ಟಿ ನೋಡಿಕೊಂಡಳು.

ಫೆಲಿಪಾ ನಗು ಮರೆತು ಕೂತಿದ್ದಳು. ಯುದೆರ್ಕಾ ಅಕ್ಕನ ಕಡೆ ಬಾಗಿ, ಕಣ್ಣು ತುಂಬಿಕೊಂಡು, ಅವಳಿಗಷ್ಟೇ ಕೇಳುವಂತೆ ಪಿಸುಗುಟ್ಟಿದಳು: “ಎಷ್ಟು ಚೆನ್ನಾಗಿ ಸುಳ್ಳು ಹೇಳ್ತೀಯಕ್ಕಾ. ಬದುಕಿಸಿದೆ ನನ್ನ.”

ನೆರೇಯ್ದಾ ತಟ್ಟೆಯನ್ನು ಮತ್ತೆ ಮಡಿಲಿಗೆ ಎತ್ತಿಕೊಂಡಳು. ಬಟಾಣಿ ಸುಲಿಯಲು ಬೆರಳು ಓಡಲಿಲ್ಲ.

“ಆಮೇಲೆ?” ಎಂದಳು ತಾಯಿ. ಎದ್ದು, ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಕರಕರ ಎಳೆದುಕೊಂಡು ಬಂದು ದೊಡ್ಡ ಮಗಳ ಮಗ್ಗುಲಿಗೆ ಹಾಕಿ ಕೂತಳು. “ಆಮೇಲೇನಾಯ್ತೇ?”