ಒಂದು ಗೇಣು ಬೀದಿ

"ಎಡಕ್ಕೆ. ಇನ್ನೊಂಚೂರು ಎಡಕ್ಕೆ," ಎಂದು ಮುಂದೆ ಹೊತ್ತಿದ್ದ ಐಸ್ ಫ್ಯಾಕ್ಟರಿಯ ಹಮಾಲಿ ಕೂಗಿದ.

"ಎಡಕ್ಕೆ ಗೋಡೆ ಇದೆ ಕಣಣ್ಣ," ಎಂದ ಹಿಂದೆ ಹೊತ್ತಿದ್ದ ಅವನ ತಮ್ಮ.

"ಹಾಗಾದ್ರೆ ಬಲಕ್ಕೆ."

"ಬಲಕ್ಕೂ ಗೋಡೇನೇ."

ಗಂಟಕ್ಕನ ಶವದ ಪೆಟ್ಟಿಗೆ ಬೀದಿಯ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಹೊತ್ತವರು ಇಬ್ಬರೇ, ಏಕೆಂದರೆ ಆ ಬೀದಿಯಲ್ಲಿ ಇಬ್ಬರು ಪಕ್ಕಪಕ್ಕ ನಡೆಯುವಂತಿಲ್ಲ. ಅವರ ಹಿಂದೆ ಗಂಟಕ್ಕನ ಮಗಳು, ಮಗಳ ಹಿಂದೆ ದೋಣಿ ಮಾಡುವ ಮುದಿ ಬಡಗಿ, ಬಡಗಿಯ ಹಿಂದೆ ಇಡೀ ಬೀದಿ ಇರುವೆ ಸಾಲಿನಂತೆ ನಿಂತಿತ್ತು. ತಿರುವು ದಾಟಿ ನಲವತ್ತು ಹೆಜ್ಜೆ ಇಳಿದರೆ ಬಂದರಿನ ಮೆಟ್ಟಿಲು. ಅಲ್ಲಿ ದೋಣಿ ಕಾಯುತ್ತಿತ್ತು. ಮಣ್ಣು ಮಾಡುವ ಜಾಗ ಹಿನ್ನೀರಿನ ಆಚೆ ದಡದಲ್ಲಿತ್ತು. ಇನ್ನು ಮುಕ್ಕಾಲು ಗಂಟೆಗೆ ನೀರು ಇಳಿಯುತ್ತದೆ. ಆಮೇಲೆ ದೋಣಿ ಕೆಸರಲ್ಲಿ ಕೂತರೆ ಸಂಜೆಯವರೆಗೆ ಏಳುವುದಿಲ್ಲ.

"ಇದಕ್ಕೆ ಅಳತೆ ತಗೊಂಡೋರು ಯಾರಪ್ಪಾ?" ಎಂದ ಹಮಾಲಿ, ಉಸಿರು ಬಿಡುತ್ತ.

"ಅಳತೆ ಯಾಕೆ ಬೇಕು?" ಎಂದ ಬಡಗಿ. "ಅವಳು ಸೊಸೆಯಾಗಿ ಈ ಬೀದಿಗೆ ಬಂದ ದಿನ ನನ್ನ ಕಿವಿಯವರೆಗೆ ಬರ್ತಿದ್ಲು. ಅದನ್ನೇ ನೆನಪಿಟ್ಕೊಂಡು ಮಾಡಿದೆ."

"ಬಡಗಿ ಮಾವ, ಅದು ಐವತ್ತು ವರ್ಷದ ಹಿಂದಿನ ಮಾತು," ಎಂದಳು ಮಗಳು. "ಅಮ್ಮ ಈಚೆಗೆ ನನ್ನ ಭುಜಕ್ಕೂ ಬರ್ತಿರಲಿಲ್ಲ."

ಬಡಗಿ ಪೆಟ್ಟಿಗೆಯನ್ನೊಮ್ಮೆ, ಮಗಳ ಭುಜವನ್ನೊಮ್ಮೆ ನೋಡಿದ. "ಕುಗ್ಗಿದ್ದಳಾ?" ಎಂದ. "ನನಗೆ ಗೊತ್ತೇ ಆಗಲಿಲ್ಲ ನೋಡು."

ಸಾಲಿನ ಹಿಂದೆ ಯಾರೋ ಕಿಸಕ್ಕನೆ ನಕ್ಕು ಕೆಮ್ಮಿ ಮರೆಸಿದರು. ಬಡಗಿ ಜನ್ಮದಲ್ಲಿ ದೋಣಿ ಬಿಟ್ಟು ಬೇರೇನೂ ಮಾಡಿದವನಲ್ಲ. ಪೆಟ್ಟಿಗೆಯ ಸಂದುಗಳಿಗೆಲ್ಲ ಹತ್ತಿ ತುರುಕಿ ರಾಳ ಮೆತ್ತಿದ್ದ. ಬೀದಿಯ ಮೇಲ್ತುದಿಯ ತನ್ನ ಶೆಡ್ಡಿನಿಂದ ಬೆಳಿಗ್ಗೆ ಅದನ್ನು ತಂದಿಳಿಸಿ, "ಒಂದು ಹನಿ ನೀರು ಒಳಗೆ ಬರಲ್ಲ," ಎಂದು ಹೆಮ್ಮೆಯಿಂದ ಹೇಳಿದ್ದ. ಅಳುತ್ತ ಕೂತಿದ್ದ ಮಗಳು ಅದನ್ನು ಕೇಳಿ ಮೊದಲ ಸಲ ನಕ್ಕಿದ್ದಳು.

"ವಾಪಸ್ ಮೇಲಕ್ಕೆ ಹೋಗಿ, ವ್ಯಾನಲ್ಲಿ ಸುತ್ತಿ ಬರೋಣ," ಎಂದ ತಮ್ಮ.

"ವ್ಯಾನಿಲ್ಲ, ಗೀನಿಲ್ಲ," ಎಂದಳು ಮಗಳು. "ಅಮ್ಮ ಕೇಳಿದ್ದು ಒಂದೇ. ನನ್ನನ್ನ ಬೀದೀಲೇ ಇಳಿಸಿ, ಕೆಳಗಿನೋರೆಲ್ಲರ ಬಾಗಿಲನ್ನೂ ಒಂದು ಸಲ ನೋಡ್ಕೊಂಡು ಹೋಗ್ತೀನಿ ಅಂದಿದ್ಲು. ಜನ್ಮವಿಡೀ ಏನೂ ಕೇಳದವಳು. ಇದೊಂದನ್ನೂ ನಡೆಸದಿದ್ರೆ ನಾನು ಮಗಳಾಗಿ ಏನು ಬಂತು?"

* * *

ಗಂಟಕ್ಕ ಹರಿದ ಬಲೆ ಸರಿಮಾಡುತ್ತಿದ್ದಳು. ದಿನಕ್ಕೆ ಸಾವಿರ ಗಂಟು ಹಾಕುತ್ತಿದ್ದುದರಿಂದ ಆ ಹೆಸರು ಬಂದಿತ್ತೇ ಹೊರತು, ಮುಖ ಗಂಟಿಕ್ಕಿದ್ದನ್ನು ಕಂಡವರಿಲ್ಲ. ತಿರುವಿಗೆ ತಾಗಿದ ತನ್ನ ಮನೆಯ ಮೆಟ್ಟಿಲ ಮೇಲೆ, ಬಲೆಯ ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕೂರುತ್ತಿದ್ದಳು. ಬೀದಿಯ ಎರಡು ತುದಿಯೂ ಕಾಣುವುದು ಅಲ್ಲಿಂದ ಮಾತ್ರ.

"ಮೇಲಿಂದ ಐಸ್ ಬರ್ತಿದೆ, ಕೆಳಗಿನೋರು ಅಲ್ಲೇ ನಿಲ್ಲಿ," ಎನ್ನುವಳು. "ಕೆಳಗಿಂದ ಮೀನು ಬುಟ್ಟಿ. ಎಲ್ಲರೂ ಗೋಡೆಗೆ ಒರಗಿ. ಒರಗಿದರೆ ಸಾಲದು ಮಾಸ್ತರೇ, ಹೊಟ್ಟೆಯನ್ನೂ ಒಳಗೆ ಎಳ್ಕೊಳ್ಳಿ."

ದಾರಿ ಬಿಡಲು ನಿಂತವರಿಗೆ ಬೀದಿಯ ಕತೆ ಹೇಳುವುದು ಅವಳ ಇನ್ನೊಂದು ಕೆಲಸ. "ನಮ್ಮತ್ತೆ ಕಾಲದಲ್ಲಿ ಇದು ಬೀದಿಯೇ ಅಲ್ಲ. ದೋಣಿ ಎಳೆಯೋ ದಾರಿ. ಎರಡು ದೋಣಿ ಜೋಡಿಯಾಗಿ ಹೋಗ್ತಿದ್ವಂತೆ."

"ಆಮೇಲೆ ಏನಾಯ್ತು?"

"ಏನಾಗುತ್ತೆ, ಎಲ್ಲರೂ ಒಳ್ಳೆಯವರಾಗಿಬಿಟ್ರು. ಅವರು ಒಂದು ಮೆಟ್ಟಿಲು ಹಾಕ್ಕೊಂಡ್ರು, ಇವರು ಸುಮ್ಮನಿದ್ರು. ಇವರು ಒಂದು ಬಚ್ಚಲು ಕಟ್ಕೊಂಡ್ರು, ಅವರು ಸುಮ್ಮನಿದ್ರು."

ಯಾವ ಮನೆ ಎಷ್ಟು ಗೇಣು ನುಂಗಿತು, ಯಾವಾಗ, ಯಾತಕ್ಕೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಈ ಗೇಣು ಅವಳಿ ಮಕ್ಕಳು ಹುಟ್ಟಿದಾಗ, ಆ ಗೇಣು ಅಜ್ಜನ ಮಂಚ ಹಿಡಿಸದಿದ್ದಾಗ. "ನಮ್ಮ ಮಾವನೋರೂ ಬಿಟ್ಟಿಲ್ಲ. ನಾನು ಕೂತಿರೋದೇ ಅವರು ನುಂಗಿದ ಗೇಣಿನ ಮೇಲೆ," ಎಂದು ನಗುವಳು.

* * *

ಕೊನೆಯ ಗೇಣು ದರ್ಜಿಯದು. ಅವನ ಮನೆ ತಿರುವಿನ ಒಳಮೂಲೆಯಲ್ಲಿತ್ತು. ಒಂದು ಬಾಗಿಲು ಮೇಲಿನ ಬೀದಿಗೆ ಗಂಟಕ್ಕನ ಎದುರಿಗೆ, ಇನ್ನೊಂದು ಬಂದರಿನ ಕಡೆಗೆ. ಹತ್ತೊಂಬತ್ತು ವರ್ಷದ ಹಿಂದೆ ಹೊಸ ಹೊಲಿಗೆ ಯಂತ್ರಕ್ಕೆ ಜಾಗ ಸಾಲದೆ ಅವನು ಮೂಲೆಯ ಗೋಡೆಯನ್ನು ಒಂದು ಗೇಣು ಹೊರಗೆ ತಂದ.

"ದರ್ಜಿ ಇಷ್ಟು ದಿನ ಗಿರಾಕಿಗಳ ಬಟ್ಟೇಲಿ ಮಿಗಿಸ್ತಿದ್ದ. ಈಗ ಬೀದೀಲೂ ಮಿಗಿಸಿದ," ಎಂದಳು ಗಂಟಕ್ಕ. ಬೀದಿ ಎಂಟು ದಿನ ನಕ್ಕಿತು. ದರ್ಜಿ ಅವಳ ಎದುರಿನ ಬಾಗಿಲು ಮುಚ್ಚಿ, ಅದರ ಹಿಂದೆ ಬಟ್ಟೆಯ ಗಂಟುಗಳನ್ನು ಪೇರಿಸಿಬಿಟ್ಟ.

ಅಂದಿನಿಂದ ಇಬ್ಬರೂ ಮಾತು ಬಿಟ್ಟರು, ಜಗಳ ಬಿಡಲಿಲ್ಲ. ಅವನು ಕಿಟಕಿಯ ಬಳಿ ಕೂತು ಗೋಡೆಗೆ ಹೇಳುವನು: "ಕೆಲವರು ದಾರಕ್ಕೆ ದಾರ ಕಟ್ಟಿ ತೂತು ಮಾಡ್ತಾರೆ. ಅದನ್ನೇ ಕಸುಬು ಅಂತಾರೆ." ಅವಳು ಬಲೆಗೆ ಹೇಳುವಳು: "ನಮ್ಮ ತೂತಲ್ಲಿ ಮೀನಾದ್ರೂ ನಿಲ್ಲುತ್ತೆ. ಕೆಲವರು ಹಾಕಿದ ಗುಂಡಿ ಮನೆ ಮುಟ್ಟೋವರೆಗೂ ನಿಲ್ಲಲ್ಲ." ಒಂದು ದಿನ ಅವಳ ದನಿ ಕೇಳದಿದ್ದರೆ ದರ್ಜಿಯ ಕೈ ಓಡುತ್ತಿರಲಿಲ್ಲ. "ಆ ಕಡೆ ಯಾರಾದ್ರೂ ಬದುಕಿದ್ದಾರಾ, ನೋಡ್ಕೊಂಡು ಬಾ," ಎಂದು ಹೆಂಡತಿಯನ್ನು ಅಟ್ಟುತ್ತಿದ್ದ.

* * *

"ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದ್ರೆ ತಿರುಗುತ್ತೆ," ಎಂದ ಹಮಾಲಿ.

"ಬೇಡ," ಎಂದಳು ಮಗಳು. "ಐವತ್ತು ವರ್ಷ ಕಾಲು ಮಡಚಿ ಕೂತವಳು. ಈಗಲಾದ್ರೂ ಕಾಲು ಚಾಚಿ ಮಲಗಿದ್ದಾಳೆ. ಹಾಗೇ ಹೋಗಲಿ."

"ನೀರು ಕಾಯಲ್ಲಮ್ಮ."

ಅಷ್ಟರಲ್ಲಿ ದರ್ಜಿಯ ಮುಚ್ಚಿದ ಬಾಗಿಲ ಹಿಂದೆ ದಪ್ ದಪ್ ಎಂದು ಗಂಟುಗಳು ಉರುಳುವ ಸದ್ದಾಯಿತು. ಬಾಗಿಲು ಎರಡು ಸಲ ಅಲುಗಿ, ಮೂರನೆಯ ಸಲ ಕಿರುಗುಟ್ಟುತ್ತ ತೆರೆಯಿತು. ಬೆಳಗಿನಿಂದ ಮುಖ ತೋರಿಸದಿದ್ದ ದರ್ಜಿ, ಕೊರಳಲ್ಲಿ ಟೇಪು, ಮೈಮೇಲೆಲ್ಲ ಧೂಳು, ಹೊರಗೆ ಬಂದ.

"ಕೆಲವರಿಗೆ ಅಳತೆ ತೆಗೆಯೋಕೂ ಬರಲ್ಲ," ಎಂದು ಎದುರಿನ ಗೋಡೆಗೆ ಹೇಳಿದ. ಪೆಟ್ಟಿಗೆಯ ಉದ್ದಕ್ಕೆ ಟೇಪು ಹಿಡಿದ. ತಿರುವಿಗೂ ಹಿಡಿದ.

"ಎಷ್ಟು ಸಾಲದು?" ಎಂದು ಬಡಗಿ ಮೆಲ್ಲಗೆ ಕೇಳಿದ.

"ಒಂದು ಗೇಣು."

ಯಾರ ಗೇಣು ಎಂದು ಯಾರೂ ಕೇಳಲಿಲ್ಲ. ದರ್ಜಿಯೇ ಟೇಪು ಸುತ್ತುತ್ತ, "ನಂದೇ," ಎಂದ. "ಒಳಗೆ ತನ್ನಿ."

ಯಂತ್ರವನ್ನು ಗೋಡೆಗೆ ಸರಿಸಿದರು. ದರ್ಜಿಯ ಹೆಂಡತಿ ಒಲೆಯ ಮೇಲಿನ ಪಾತ್ರೆಯನ್ನು ಎತ್ತಿ ಎದೆಗವಚಿಕೊಂಡು ನಿಂತಳು. ಪೆಟ್ಟಿಗೆ ಬಟ್ಟೆಯ ಗಂಟುಗಳ ನಡುವೆ ಬಂದರಿನ ಕಡೆಯ ಬಾಗಿಲಿಗೆ ಸಲೀಸಾಗಿ ತಿರುಗಿತು.

"ಒಂದು ನಿಮಿಷ ಇಳಿಸಿ," ಎಂದ ದರ್ಜಿ, ಬಟ್ಟೆ ಕತ್ತರಿಸುವ ಮೇಜನ್ನು ತೋಳಿನಿಂದ ಒರೆಸಿ. "ಮನೆಗೆ ಬಂದೋರು ಹಾಗೇ ದಾಟಿಕೊಂಡು ಹೋಗ್ತಾರಾ?"

ಇಳಿಸಿದರು. ಅವನು ಎಂದಿನಂತೆ ಗೋಡೆಯ ಕಡೆ ತಿರುಗಿದ. ಹೇಳಬೇಕಾದ್ದು ಗೋಡೆಗಲ್ಲ ಎಂದು ಹೊಳೆದು ಈಚೆ ತಿರುಗಿದ. "ಅಕ್ಕಾ," ಎಂದ. "ಒಂದು ಸಲ ಬಾಗಿಲು ಬಡಿದಿದ್ರೆ ಸಾಕಿತ್ತು. ಅವತ್ತೇ ತೆಗೀತಿದ್ದೆ."

"ಅವಳೂ ಅದನ್ನೇ ಅಂತಿದ್ಲು," ಎಂದಳು ಮಗಳು. "ಅವನು ಒಂದು ಸಲ ಬಾಗಿಲು ತೆಗೆದಿದ್ರೆ ಅವತ್ತೇ ಹೋಗ್ತಿದ್ದೆ ಅಂತ."

ದರ್ಜಿ ನಗಲು ಹೋಗಿ ಅತ್ತುಬಿಟ್ಟ. ಮಗಳು ಅಳಲು ಹೋಗಿ ನಕ್ಕುಬಿಟ್ಟಳು. ಅವನ ಹೆಂಡತಿ ಪಾತ್ರೆ ಹಿಡಿದೇ, "ಇಬ್ಬರೂ ಒಂದೇ ಅಚ್ಚು. ನಡುವೆ ಓಡಾಡಿ ನನ್ನ ಕಾಲು ಸವೀತು," ಎಂದಳು. ಮನೆಯೊಳಗೆ ಹಿಡಿಸಿದವರೂ, ಬಾಗಿಲಲ್ಲಿ ಕತ್ತು ತೂರಿಸಿದವರೂ ಒಟ್ಟಿಗೆ ನಕ್ಕರು. ಬಂದರಿನ ಕಡೆಯಿಂದ ದೋಣಿಯವನು ಕೂಗು ಹಾಕಿದ. ಹಮಾಲಿಯನ್ನು ಸರಿಸಿ ದರ್ಜಿಯೇ ಪೆಟ್ಟಿಗೆಯ ಮುಂದಿನ ತುದಿಗೆ ಹೆಗಲು ಕೊಟ್ಟ. ದೋಣಿ ನೀರು ಇಳಿಯುವ ಮೊದಲೇ ದಡ ಬಿಟ್ಟಿತು.

ಸಂಜೆ ನೀರು ಏರಿದ ಮೇಲೆ ಎಲ್ಲರೂ ಮರಳಿದ್ದರು. ದರ್ಜಿ ಸ್ನಾನ ಮುಗಿಸಿ ಯಂತ್ರದ ಮುಂದೆ ಕೂತು ಅರ್ಧ ಉಳಿದ ಅಂಗಿಗೆ ತೋಳು ಹಚ್ಚುತ್ತಿದ್ದ. ಬಂದರಿನಿಂದ ಒಬ್ಬ ಮೀನು ಮಾರುವವಳು ತುಂಬಿದ ಬುಟ್ಟಿ ಹೊತ್ತು ಹತ್ತಿ ಬಂದಳು. ತಿರುವಿನ ಹತ್ತಿರ ಬಂದವಳು ತಿರುವಿಗೆ ಹೋಗದೆ, ಯಾರನ್ನೂ ಕೇಳದೆ, ಸೀದಾ ಅವನ ಮನೆಯೊಳಗೆ ನುಗ್ಗಿ ಆಚೆ ಬಾಗಿಲಿಂದ ಹೊರಬಿದ್ದಳು. ನೆಲದುದ್ದಕ್ಕೂ ಬುಟ್ಟಿಯ ನೀರು ತೊಟ್ಟಿಕ್ಕಿತ್ತು. ಅವಳ ಹಿಂದೆ ಇನ್ನೊಬ್ಬಳು ಬಂದಳು, ಅವಳ ಹಿಂದೆ ಹಮಾಲಿ ಮತ್ತು ಅವನ ತಮ್ಮ. ದರ್ಜಿ ತಲೆ ಎತ್ತಲಿಲ್ಲ. ಹೊಲಿಯುತ್ತಲೇ ಒಂದು ಕೈಯಿಂದ ಯಂತ್ರವನ್ನು ಇನ್ನೊಂದು ಚೂರು ಗೋಡೆಗೆ ಒತ್ತಿಕೊಂಡ.