ಉದ್ದ ಹೆಚ್ಚಾದ ಪರದೆ

ಮೊಳೆ ಒಳಗೆ ಹೋಗುವುದಿಲ್ಲ, ಸುಣ್ಣ ಮಾತ್ರ ಉದುರುತ್ತದೆ, ಕಣ್ಣಿಗೆ, ತಲೆವಸ್ತ್ರಕ್ಕೆ, ಬಾಯಿಗೂ, ಹಳೆಯ ಗೋಡೆ, ಒಳಗೆ ಬರೀ ಮರಳು, ಬಿಸ್ಮಿಲ್ಲಾ ಎಂದು ಇನ್ನೊಂದು ಏಟು — ಹಿಡಿಯಿತು, ಇದು ನನ್ನ ಮೊಳೆ, ನನ್ನ ಗೋಡೆ, ಬಾಡಿಗೆಯದಾದರೇನು, ಈ ಮೈಯೂ ಬಾಡಿಗೆಯದೇ, ಒಡೆಯ ಕೇಳಿದ ದಿನ ಬಿಟ್ಟುಕೊಡಬೇಕು, ಹಾಗೆಂದು ಯಾರಾದರೂ ಅದಕ್ಕೆ ಎಣ್ಣೆ ಹಚ್ಚದೆ, ತಲೆ ಬಾಚದೆ ಬಿಡುತ್ತಾರೆಯೇ, ಕೈರೋದ ಶುಬ್ರಾ ಬಡಾವಣೆಯ ಈ ನಾಲ್ಕನೇ ಮಹಡಿಗೆ ಮೊದಲು ತಂದು ಹಾಸಿದ್ದು ನಮಾಜಿನ ಚಾಪೆ, ಮೆಕ್ಕಾದ ದಿಕ್ಕು ಅಡುಗೆಮನೆಯ ಬಾಗಿಲ ಕಡೆ ಬಂತು, ಒಳ್ಳೆಯದೇ, ಸಲಾಂ ಹೇಳಿ ಮುಗಿಸಿದ ಕೂಡಲೇ ಹಾಲು ಉಕ್ಕುತ್ತಿದೆಯೇ ಎಂದು ನೋಡಬಹುದು, ಮೇಲಿರುವ ಅವನೂ ನಗುತ್ತಾನೆ, ಬೇಸರ ಮಾಡಿಕೊಳ್ಳುವವನಲ್ಲ ಅವನು. ಕೆಳಗೆ ಬಾಗಿಲು ಕಾಯುವ ಉಶ್ರಿ ಕಾಕಾ ಈ ಸದ್ದನ್ನೆಲ್ಲ ಕೇಳುತ್ತಿರಬೇಕು, ನಿನ್ನೆ ಸಾಮಾನಿನ ಟೆಂಪೊ ಬಂದು ನಿಂತಾಗ ಕೇಳಿದ, ಯಜಮಾನ್ರು ಯಾವಾಗ ಬರ್ತಾರಮ್ಮ, ಕುವೈತಲ್ಲಿದ್ದಾರಾ, ಯಜಮಾನಿ ಬಂದಾಯ್ತಲ್ಲ ಕಾಕಾ, ಆ ಹಾಸಿಗೆಯ ಇನ್ನೊಂದು ತುದಿ ಹಿಡ್ಕೊಳ್ಳಿ ಅಂದೆ, ಹಿಡಿದ, ಮೂರನೇ ಮಹಡಿಯಲ್ಲಿ ಏದುಸಿರು ಬಿಡುತ್ತಾ, ಹತ್ತಿ ಒಳ್ಳೇದು ಹಾಕ್ಸಿದ್ದಾರೆ ತಾಯಿ, ಅಂದ, ಹೌದು, ಅಮ್ಮ ಹಾಕಿಸಿದ್ದು, ಎಳೆ ಎಳೆ ಬಿಡಿಸಿ ನೋಡಿ ಹಾಕಿಸಿದ್ದು, ಅಮ್ಮನ ಕೈ — ಬೇಡ, ಈಗ ಆ ಕೈ ಬೇಡ, ಪರದೆ ಎಲ್ಲಿ.

ಇಲ್ಲಿದೆ, ದಾಳಿಂಬೆ ಕೆಂಪು, ತುದಿಯಲ್ಲಿ ಚಿನ್ನದ ಬಣ್ಣದ ಕುಚ್ಚು, ನನಗೆ ಎಂದೂ ಇಷ್ಟವಾಗದ ಬಣ್ಣ, ಆದರೆ ನನ್ನನ್ನು ಕೇಳಿದವರು ಯಾರು, ಹಾಲುಹಲ್ಲು ಬೀಳುವ ಮೊದಲೇ ನನ್ನ ಮದುವೆಯ ಸಾಮಾನು ಕೂಡಿಡಲು ಶುರುಮಾಡಿದ್ದಳು ಅಮ್ಮ, ತಾಂತಾ ಪಟ್ಟಣದ ಸಂತೆಗೆ ಹೋದಾಗಲೆಲ್ಲ ಒಂದು ಟವೆಲು, ಒಂದು ಹೊದಿಕೆ, ಚಿನ್ನದ ಅಂಚಿನ ಕಪ್ಪುಗಳು, ಎಲ್ಲ ನನ್ನ ಮಂಚದ ಕೆಳಗೆ, ನನ್ನ ಮದುವೆಯ ಮೇಲೆಯೇ ಮಲಗಿ ನಾನು ಬೆಳೆದೆ, ನಿಕಾಹ್ ಆಗುವ ತನಕ ಒಂದು ಚಮಚವನ್ನೂ ಮುಟ್ಟುವಂತಿಲ್ಲ, ಕಪ್ಪುಗಳು ಹುಲ್ಲಿನಲ್ಲಿ ನಿದ್ದೆ ಮಾಡುತ್ತಿದ್ದವು, ಇತ್ತ ಅಪ್ಪ ಸಾಯುವ ತನಕ ಹಿಡಿಕೆ ಮುರಿದ ಕಪ್ಪಿನಲ್ಲೇ ಚಹಾ ಕುಡಿದ, ಬೆರಳು ಸುಟ್ಟರೆ ಕಪ್ಪನ್ನು ಅಂಗಿಯ ತುದಿಯಲ್ಲಿ ಹಿಡಿಯುತ್ತಿದ್ದ. ಬಂದ ಗಂಡುಗಳಲ್ಲಿ ಒಬ್ಬನಿಗೆ ನನ್ನ ಆಸ್ಪತ್ರೆಯ ರಾತ್ರಿಪಾಳಿ ಬೇಡವಾಯಿತು, ಮತ್ತೊಬ್ಬನಿಗೆ ನನ್ನ ವಯಸ್ಸು, ಆಮೇಲೆ ಬರುವವರೇ ನಿಂತರು, ನಾನು ನಿಲ್ಲಲಿಲ್ಲ, ಕೈರೋದ ಆಸ್ಪತ್ರೆಗೆ ವರ್ಗ ಮಾಡಿಸಿಕೊಂಡೆ, ಮನೆ ಹಿಡಿದೆ, ಸಾಮಾನು ಕೊಡಮ್ಮ ಎಂದೆ. ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಳು, ತಲೆ ಎತ್ತಲಿಲ್ಲ, ಆ ಗಂಟು ಬಿಚ್ಚಿದ್ರೆ ನಿನ್ನ ನಸೀಬು ಮುಚ್ಚುತ್ತೆ ರಾವಿಯಾ, ಅದನ್ನ ಬಿಚ್ಚಿದ ಮನೆಗೆ ನಾನು ಕಾಲಿಡಲ್ಲ, ಅಂದಳು, ಅಷ್ಟೇ, ಉಳಿದ ಮಾತಿನ ಪಾಲನ್ನೆಲ್ಲ ಇನ್‌ಸಾಫ್ ಚಿಕ್ಕಮ್ಮ ಎತ್ತಿಕೊಂಡಳು, ಗಂಡಸಿಲ್ಲದ ಮನೆಗೆ ಪರದೆ ಯಾಕೇ, ಯಾರಿಂದ ಮರೆ, ನಿಮ್ಮಿಂದ ಚಿಕ್ಕಮ್ಮ ಎಂದೆ, ಆಡಬಾರದಿತ್ತೇನೋ, ಆಡಿದೆ, ಅಸ್ತಗ್‌ಫಿರುಲ್ಲಾ, ದೇವರೇ ಕ್ಷಮಿಸು, ಇನ್ನೊಮ್ಮೆ ಕೇಳಿದರೂ ಆಡುತ್ತೇನೆ. ಅಜ್ಜಿ ಇದ್ದಿದ್ದರೆ ಸೆರಗಿನಲ್ಲಿ ನಕ್ಕು ಆ ಕಥೆ ತೆಗೆಯುತ್ತಿದ್ದಳು, ಒಲೆಯ ಮೇಲಿನ ಮಣ್ಣಿನ ಜಗಲಿಯಲ್ಲಿ ನಾವೆಲ್ಲ ಬೆಚ್ಚಗೆ ಮಲಗಿದ್ದಾಗ ಹೇಳುತ್ತಿದ್ದದ್ದು, ಒಂದಾನೊಂದು ಊರಲ್ಲಿ ಒಬ್ಬಳು ದೊಡ್ಡ ಅತಿಥಿಗೆಂದು ರೊಟ್ಟಿ ಮುಚ್ಚಿಟ್ಟು ಕಾದಳಂತೆ, ತಾನು ತಿನ್ನಲಿಲ್ಲ, ಮಕ್ಕಳಿಗೂ ಕೊಡಲಿಲ್ಲ, ರೊಟ್ಟಿ ಕಲ್ಲಾಯಿತು, ಅತಿಥಿ ಬಂದ, ಬಂದವನು ಮಲಕ್, ದೇವರು ಕಳಿಸಿದವನು, ಬುಟ್ಟಿಯ ಬಟ್ಟೆ ಸರಿಸಿ ಅವನು ಕೇಳಿದ್ದು ಒಂದೇ ಮಾತು, ನೀನು ಉಂಡ್ಯಾ ಮಗಳೇ.

ಉಂಡೆ ಅಜ್ಜಿ, ಬೆಳಿಗ್ಗೆ ಚಿನ್ನದ ಅಂಚಿನ ಕಪ್ಪಿನಲ್ಲಿ ಚಹಾ ಕುಡಿದೆ, ಬೆರಳು ಸುಡಲಿಲ್ಲ, ಅಪ್ಪನ ಹೆಸರಲ್ಲಿ ಇನ್ನೊಂದು ಕಪ್ಪು ಸುರಿದು ಅದನ್ನೂ ನಾನೇ ಕುಡಿದೆ — ತೂಗುಹಾಕಿದ ಪರದೆ ನೆಲ ಮುಟ್ಟಿ ಇನ್ನೂ ಮೊಳದುದ್ದ ಹರಡಿಕೊಂಡಿದೆ, ಕಂಡೇ ಇರದ ಅಳಿಯನ ಕಂಡೇ ಇರದ ಮನೆಯ ಕಿಟಕಿಗೆ ಅಮ್ಮ ಅಳತೆ ಹಿಡಿದಿದ್ದಳು, ಅವನ ಕಿಟಕಿ ಛಾವಣಿಯಿಂದ ನೆಲದವರೆಗೆ ಇರಬೇಕಿತ್ತು, ನನ್ನದು ಇಷ್ಟೇ, ಪಕ್ಕದ ಮನೆಯ ಒಣಹಾಕಿದ ಬಟ್ಟೆ, ಅದರಾಚೆ ಒಂದು ಪಾರಿವಾಳದ ಗೂಡು, ಅದಕ್ಕೂ ಆಚೆ ಆಕಾಶ, ನನಗೆ ಸಾಕು, ಕತ್ತರಿ, ಕತ್ತರಿ ಎಲ್ಲಿ, ಕತ್ತರಿಸುತ್ತೇನೆ, ಕುಚ್ಚಿನ ಸಮೇತ, ಬಟ್ಟೆ ಚರ್ರೆಂದಿತು, ನನ್ನ ಎದೆಯೂ, ಇರಲಿ, ಆ ತುಂಡಲ್ಲಿ ಕುರ್ಚಿಗೊಂದು ದಿಂಬು ಹೊಲಿಯುತ್ತೇನೆ, ಮೊಣಕಾಲು ನೋವಿನವರು ಬಂದರೆ ಕೂರಲು, ಬರುವುದಿಲ್ಲ ಎಂದವರು ಬಂದರೆ. ಸಾಮಾನು ಕತ್ತಲಲ್ಲಿ ಸಾಗಿಸು, ಯಾರ ಕಣ್ಣಿಗೂ ಬೀಳದ ಹಾಗೆ, ಎಂದಿದ್ದಳು ಚಿಕ್ಕಮ್ಮ, ಕದ್ದ ಮಾಲೇನು ಅದು, ನಾನು ನಡುಹಗಲಲ್ಲೇ ಹೇರಿಸಿದೆ, ತೆರೆದ ಟೆಂಪೊದಲ್ಲಿ, ಮೇಲೆ ಗುಲಾಬಿಯ ಹೊದಿಕೆ, ಹಗ್ಗ, ಡ್ರೈವರನದೂ ತಪ್ಪಲ್ಲ, ಅಂಥ ಹೊರೆ ಹೊತ್ತಾಗಲೆಲ್ಲ ಅವನ ಕೈ ತಾನಾಗಿ ಮದುವೆಯ ಹಾರ್ನ್ ಬಾರಿಸುತ್ತದೆ, ಪಪ್ ಪಪ್ ಪಪಪಪ್, ಕಾಲುವೆಯ ತಿರುವಿಗೆ ಮೊದಲೇ ಹಿಟ್ಟಿನ ಕೈಯಲ್ಲೇ ಹೆಂಗಸರು ಓಡಿಬಂದರು, ಹೊದಿಕೆ ನೋಡಿದರು, ಹಾಸಿಗೆ ನೋಡಿದರು, ಹುಡುಗಿಗೆ ಕೊನೆಗೂ ಕೂಡಿಬಂತು ಎಂದುಕೊಂಡು ಲುಲುಲು ಎಂದು ನಾಲಿಗೆ ಅಲುಗಿಸಿ ಮದುವೆಯ ಕೂಗು ಹಾಕಿದರು, ಒಂದು ಛಾವಣಿಯಿಂದ ಇನ್ನೊಂದಕ್ಕೆ ಕೂಗು ಹಾರಿತು, ಚಿಕ್ಕಮ್ಮ ಬೀದಿಗಿಳಿದು, ಸುಮ್ನಿರ್ರೇ, ಮದುವೆ ಅಲ್ಲ ಕಣ್ರೇ, ಏನೂ ಅಲ್ಲ ಕಣ್ರೇ, ಕೂಗು ಅರ್ಧಕ್ಕೇ ಮುರಿಯಿತು, ಇಡೀ ಬೀದಿ ಸುಮ್ಮನಾಯಿತು, ಆ ನಿಶ್ಶಬ್ದದಲ್ಲಿ ಟೆಂಪೊದ ಪಕ್ಕದ ಕನ್ನಡಿಯಲ್ಲಿ ಅಮ್ಮ ಕಂಡಳು, ಹೊಸ್ತಿಲ ಮೇಲೆ, ಕೈ ಬಾಯಿಯ ಹತ್ತಿರ, ತಿರುವು ಬಂತು, ಕನ್ನಡಿಯಲ್ಲಿ ಬರೀ ಜೋಳದ ಹೊಲ. ಅಳುತ್ತಿದ್ದಳು, ನಾಚಿಕೆಯಿಂದ ಅಳುತ್ತಿದ್ದಳು ಎಂದು ಶುಬ್ರಾದವರೆಗೂ ಹಲ್ಲು ಕಚ್ಚಿ ಕೂತೆ, ಅಳಲಿ, ನಾನು ತಿರುಗುವುದಿಲ್ಲ, ಏನೂ ಅಲ್ಲವಂತೆ, ಒಬ್ಬಳು ತನ್ನ ಮನೆಗೆ ಹೋಗುವುದು ಏನೂ ಅಲ್ಲವಂತೆ — ಇನ್ನೊಂದು ಮೊಳೆ, ಕನ್ನಡಿಗೆ, ಬಿಸ್ಮಿಲ್ಲಾ, ನೇರವಾಯಿತೇ, ಸ್ವಲ್ಪ ಎಡಕ್ಕೆ ವಾಲಿದೆ, ಇರಲಿ, ಅದರಲ್ಲಿ ನಾನು, ಹುಬ್ಬಿನ ತುಂಬ ಸುಣ್ಣ, ಹಿಂದೆ ಮೊಟಕಾದ ಕೆಂಪು ಪರದೆ, ಈ ಮನೆಗೆ ಇನ್ನೂ ಯಾರೂ ಕೂಗು ಹಾಕಿಲ್ಲ, ನಾನೇ ಹಾಕಿಕೊಳ್ಳುತ್ತೇನೆ, ಉಶ್ರಿ ಕಾಕಾ ಬಿದ್ದೆದ್ದು ಓಡಿಬರಲಿ, ಕೈ ತಾನಾಗಿ ಏಳುತ್ತದೆ, ಹುಡುಗಿಯಾಗಿದ್ದಾಗ ಅಮ್ಮ ಹೇಳಿಕೊಟ್ಟ ಹಾಗೆ, ನಾಲಿಗೆ ಯಾರಿಗೂ ಕಾಣಬಾರದೆಂದು ಮೇಲ್ತುಟಿಯ ಮೇಲೆ ಅಂಗೈ ಅಡ್ಡ — ತಡೆ, ಅಳುವವರ ಕೈ ಹೀಗಿರುವುದಿಲ್ಲ, ಆಸ್ಪತ್ರೆಯಲ್ಲಿ ದಿನವೂ ನೋಡುತ್ತೇನೆ, ಅಳು ನುಂಗುವವರು ಬಾಯಿ ಮುಚ್ಚಿಕೊಳ್ಳುತ್ತಾರೆ, ಅಮ್ಮನ ಬಾಯಿ, ಆ ಕನ್ನಡಿಯಲ್ಲಿ, ಅಮ್ಮನ ಬಾಯಿ ಮುಚ್ಚಿರಲಿಲ್ಲ, ಬೀದಿಯೆಲ್ಲ ಸುಮ್ಮನಾದ ಮೇಲೂ, ಚಿಕ್ಕಮ್ಮ ಮದುವೆ ಅಲ್ಲ ಎಂದು ಸಾರಿದ ಮೇಲೂ, ಕೈ ಮೇಲ್ತುಟಿಯ ಮೇಲೆ, ಸೂರಿನ ಹಾಗೆ ಅಡ್ಡ, ಅದರ ಕೆಳಗೆ ಬಾಯಿ ತೆರೆದಿತ್ತು, ಹೊಸ್ತಿಲ ಮೇಲೆ ಅಮ್ಮ, ಕೈ ಮೇಲ್ತುಟಿಯ ಮೇಲೆ, ಅಡ್ಡ